ಉಪ್ಪು ಕಡಿಮೆಯೋ, ನೀರು ಹೆಚ್ಚೋ?

ಕಳೆದ ವರ್ಷ ಏಪ್ರಿಲ್ ತಿಂಗಳಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕೊಪ್ಪದ ಕಡೆಯ ತಮ್ಮ ತೋಟವನ್ನು ನಂಬಿಕೆಯ ಆಳಿಗೆ ಒಪ್ಪಿಸಿ, ಬೆಂಗಳೂರಿನ ಜಯನಗರದಲ್ಲಿರುವ ಮಗಳ ಮನೆಗೆ ಹೋದರು. ಎರಡೂವರೆ ಎಕರೆ ಅಡಿಕೆ, ಮಗ್ಗುಲಲ್ಲಿ ಒಂದಿಷ್ಟು ರೊಬಸ್ಟಾ ಕಾಫಿ, ವಯಸ್ಸು 73. ಹೊರಡುವ ಎರಡು ವಾರ ಮೊದಲು ಅವರ ರಕ್ತದೊತ್ತಡದ ಮಾತ್ರೆ ಬದಲಾಗಿತ್ತು. ಒತ್ತಡ ಇದೆಯೆಂಬ ಕಾರಣಕ್ಕೆ ಊಟದಲ್ಲಿ ಉಪ್ಪನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದರು. ಜಯನಗರದಲ್ಲಿ ಬೆಳಗಿನ ತಿರುಗಾಟಕ್ಕೆ ಹೋದ ಪಾರ್ಕಿನಲ್ಲಿ ಯಾರೋ ಸಮವಯಸ್ಕರು, ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೆ ಮೂತ್ರಪಿಂಡ ತೊಳೆದ ಹಾಗಾಗುತ್ತದೆ ಎಂದರಂತೆ. ನಮ್ಮವರು ಶಿಸ್ತಿನ ಮನುಷ್ಯ. ಬಾಟಲಿಯಲ್ಲಿ ಅಳೆದು ಕುಡಿಯತೊಡಗಿದರು.

ಹತ್ತನೆಯ ದಿನ ಊಟ ಬೇಡವೆಂದರು. ವಾಕರಿಕೆ, ತಲೆಭಾರ, ನಡೆಯುವಾಗ ಜೋಲಿ. ಮರುದಿನ ಮಗಳನ್ನು ತೀರಿಹೋದ ತಮ್ಮ ತಂಗಿಯ ಹೆಸರಿನಿಂದ ಕರೆದು, "ಕೊನೆ ತೆಗೆಯೋರು ಬಂದ್ರೇನೇ?" ಎಂದು ಕೇಳಿದರು. ಏಪ್ರಿಲ್‌ನಲ್ಲಿ ಕೆಂಪಡಿಕೆಯ ಕೊಯ್ಲು! ಅಪ್ಪಯ್ಯನಿಗೆ ಅರಳುಮರಳು ಹಿಡಿಯಿತೆಂದು ಮನೆಯವರೆಲ್ಲ ಕಂಗಾಲಾದರು. ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವಿಲ್ಲ, ಅಲ್ಲಿಗೇ ಕರೆದೊಯ್ದುಬಿಡೋಣ ಎಂಬ ಮಾತೂ ಬಂತು. ಅದಕ್ಕೆ ಮೊದಲು ಮನೆಯ ಹತ್ತಿರದ ಒಂದು ಆಸ್ಪತ್ರೆಯಲ್ಲಿ ತೋರಿಸಿದರು. ಅಲ್ಲಿ ಮಾಡಿದ ರಕ್ತ ಪರೀಕ್ಷೆಯ ಚೀಟಿಯಲ್ಲಿ ಸೋಡಿಯಂ 118 ಎಂದಿತ್ತು. ಇರಬೇಕಾದದ್ದು 135ರಿಂದ 145.

ಸೋಡಿಯಂ ಎಂದರೆ ನಾವು ತಿನ್ನುವ ಉಪ್ಪಿನ ಒಂದು ಭಾಗ, ಉಳಿದದ್ದು ಕ್ಲೋರಿನ್ನಿನದು. ಆದ್ದರಿಂದ ಮನೆಯವರ ಲೆಕ್ಕ ಸರಳವಾಗಿತ್ತು: ಉಪ್ಪು ಕಡಿಮೆಯಾಗಿದೆ, ಉಪ್ಪು ಕೊಟ್ಟರೆ ಸರಿಹೋಗುತ್ತದೆ. ರಾತ್ರಿ ಮಗಳು ದೊಡ್ಡ ಲೋಟದಲ್ಲಿ ಉಪ್ಪುನೀರು ಕದಡಿ ತಂದಾಗ ನರ್ಸ್ ತಡೆದರು. ವೈದ್ಯರಾದರೋ ಕುಡಿಯುವ ನೀರನ್ನು ದಿನಕ್ಕೆ ಮುಕ್ಕಾಲು ಲೀಟರಿಗೆ ಇಳಿಸಿ, ಒತ್ತಡದ ಮಾತ್ರೆಯನ್ನು ನಿಲ್ಲಿಸಿ, ಸಲೈನನ್ನು ಹನಿಹನಿಯಾಗಿ ಬಿಟ್ಟು, ಆರು ಗಂಟೆಗೊಮ್ಮೆ ರಕ್ತ ತೆಗೆಸುತ್ತಿದ್ದರು. ಸುಡುಬೇಸಿಗೆಯಲ್ಲಿ ಮುದುಕರಿಗೆ ನೀರು ಬೇಡವೆನ್ನುವುದೇ? ಉಪ್ಪು ಕಡಿಮೆಯಿದ್ದರೂ ಉಪ್ಪು ಕೊಡಲು ಇಷ್ಟು ಜಿಪುಣತನವೇ? ಬಿಲ್ಲು ಏರಿಸಲು ಇಷ್ಟು ಸಲ ರಕ್ತವೇ? ಮರುದಿನ ನೋಡಲು ಹೋದ ನಮಗೂ ಇದೇ ಅನುಮಾನ ಬಂದಿತ್ತೆಂದು ಒಪ್ಪಿಕೊಳ್ಳುತ್ತೇವೆ. ಆ ವೈದ್ಯರು ಬೇಸರಪಡದೆ ವಿವರಿಸಿದರು. ಅವರಿಂದ ಕೇಳಿದ್ದನ್ನು, ಆಮೇಲೆ ಓದಿ ಖಚಿತಪಡಿಸಿಕೊಂಡದ್ದನ್ನು, ನಮ್ಮ ಕಸುಬಿನ ಮಾತಿನಲ್ಲಿ ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳ ಮನೆಯೆಂದು ಜಯನಗರ, ಜೆ.ಪಿ. ನಗರ, ಬನಶಂಕರಿಗಳಿಗೆ ಹೋಗಿ ಬರುವ ಹಿರಿಯರು ನಮ್ಮ ಸಂಘದಲ್ಲಿ ಬಹಳ ಮಂದಿ ಇದ್ದಾರೆ.

ಬೋರ್ಡೋ ಡ್ರಮ್ಮಿನ ಲೆಕ್ಕ

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದು ಶೇಕಡಾ 1ರ ಬೋರ್ಡೋ ದ್ರಾವಣವೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಡ್ರಮ್ಮನ್ನು ಮುಚ್ಚದೆ ಬಿಟ್ಟು ರಾತ್ರಿ ಮಳೆ ಹೊಡೆಯಿತೆನ್ನಿ. ಬೆಳಿಗ್ಗೆ ಅದರಲ್ಲಿ ನೂರಿಪ್ಪತ್ತು ಲೀಟರ್ ಇದೆ. ಮೈಲುತುತ್ತ ಒಂದು ಕಾಳೂ ಹೋಗಿಲ್ಲ. ಆದರೂ ದ್ರಾವಣ ಸಪ್ಪೆಯಾಯಿತು, ಕೊಳೆರೋಗ ತಡೆಯದು. ಇನ್ನೊಂದು ಡ್ರಮ್ಮು ಬುಡದಲ್ಲಿ ಸೋರಿ ಇಪ್ಪತ್ತು ಲೀಟರ್ ಹೋಯಿತು. ಆಳು ಗುರುತಿನ ಮಟ್ಟಕ್ಕೆ ಬರಿಯ ನೀರು ತುಂಬಿಸಿಟ್ಟ. ಅದೂ ಸಪ್ಪೆಯೇ, ಆದರೆ ಇಲ್ಲಿ ಮೈಲುತುತ್ತ ನಿಜವಾಗಿಯೂ ಕಳೆದುಹೋಗಿದೆ. ಎರಡರ ಮಾದರಿಯನ್ನೂ ಪ್ರಯೋಗಶಾಲೆಗೆ ಕಳಿಸಿದರೆ ಬರುವ ಉತ್ತರ ಒಂದೇ: ಮೈಲುತುತ್ತ ಕಡಿಮೆ.

ರಕ್ತದ ಸೋಡಿಯಂ ಸಂಖ್ಯೆ ಇಂಥದ್ದು. ಅದು ಹದವನ್ನು ಹೇಳುತ್ತದೆ, ಮೊತ್ತವನ್ನು ಹೇಳುವುದಿಲ್ಲ. 118 ಎಂದರೆ ಉಪ್ಪು ಹೋಗಿರಬಹುದು, ನೀರು ಏರಿರಬಹುದು, ಎರಡೂ ಆಗಿರಬಹುದು. ಚೀಟಿಯೊಂದನ್ನೇ ನೋಡಿ ಮದ್ದು ಹೇಳುವ ಹಾಗಿಲ್ಲ.

ಡ್ರಮ್ಮಿನ ಗಾತ್ರವೆಷ್ಟು? 60 ಕಿಲೋ ತೂಕದ ನಡುವಯಸ್ಸಿನ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರು. ಹೆಂಗಸರಲ್ಲಿ, ವಯಸ್ಸಾದವರಲ್ಲಿ ತೂಕದ ಅರ್ಧದಷ್ಟು. ಇದನ್ನು ಅಳೆಯುವ ಚೆಂದದ ಉಪಾಯವೊಂದಿದೆ. ಅಳತೆಯ ಸ್ವಲ್ಪ ಭಾರಜಲವನ್ನು ಕುಡಿಸಿ, ಕೆಲವು ಗಂಟೆ ಕಳೆದು ಎಂಜಲಿನಲ್ಲೋ ಮೂತ್ರದಲ್ಲೋ ಅದು ಎಷ್ಟು ತೆಳುವಾಗಿ ಹರಡಿದೆಯೆಂದು ನೋಡುತ್ತಾರೆ. ಬಿ.ಟಿ.ಎಂ. ಬಡಾವಣೆಯ ಆಚೆಗಿರುವ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಪೋಷಣೆಯ ಅಧ್ಯಯನಗಳಿಗೆ ಇಂಥ ಅಳತೆ ಮಾಡುತ್ತಾರೆ. ಬಾವಿಗೆ ಬಣ್ಣ ಹಾಕಿ ನೀರಿನ ಪ್ರಮಾಣ ಲೆಕ್ಕಹಾಕಿದಂತೆ.

ಈ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗಿದೆ, ಒಂದು ಪಾಲು ಹೊರಗೆ. ನೆತ್ತರಿನ ನೀರಿನ ಭಾಗ ಸುಮಾರು ಮೂರೇ ಲೀಟರ್. ಹೊರಗಿನ ನೀರು ಉಪ್ಪಾದದ್ದು. ಆಸ್ಪತ್ರೆಯ ಸಲೈನ್ ಬಾಟಲಿಯ ಮೇಲೆ 0.9% ಎಂದು ಬರೆದಿರುತ್ತದೆ. ಲೀಟರಿಗೆ 9 ಗ್ರಾಂ ಉಪ್ಪು, ಹೆಚ್ಚುಕಡಿಮೆ ನಮ್ಮ ನೆತ್ತರಿನ ಹದವೇ ಅದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ. ಜೀವಕೋಶದ ಒಳಗಿನ ನೀರಿನಲ್ಲಾದರೋ ಸೋಡಿಯಂ ಬಹಳ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಪ್ರತಿಯೊಂದು ಕೋಶದ ಪೊರೆಯಲ್ಲಿಯೂ ಸೋಡಿಯಮ್ಮನ್ನು ಹೊರದೂಡಿ ಪೊಟ್ಯಾಸಿಯಮ್ಮನ್ನು ಒಳತರುವ ಪಂಪು ಹಗಲೂ ಇರುಳೂ ಓಡುತ್ತಿರುತ್ತದೆ. ಡೆನ್ಮಾರ್ಕಿನ ಜೆನ್ಸ್ ಸ್ಕೋ ಎಂಬ ವಿಜ್ಞಾನಿ 1957ರಲ್ಲಿ ಏಡಿಯ ನರದಲ್ಲಿ ಇದನ್ನು ಕಂಡುಹಿಡಿದರು. 1997ರಲ್ಲಿ ಅದಕ್ಕೆ ನೊಬೆಲ್ ಬಹುಮಾನ ಬಂತು. ನಾವು ಸುಮ್ಮನೆ ಮಲಗಿದ್ದಾಗ ಮೈ ಖರ್ಚುಮಾಡುವ ಶಕ್ತಿಯಲ್ಲಿ ಐದರಲ್ಲೊಂದು ಪಾಲಿಗೂ ಕಡಿಮೆಯಿಲ್ಲದಷ್ಟು ಈ ಪಂಪುಗಳಿಗೇ ಬೇಕು.

ಪೊರೆ ಉಪ್ಪನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಉಪ್ಪು ಹೆಚ್ಚಿದ್ದ ಕಡೆಗೆ ನೀರು ತಾನೇ ಹರಿಯುತ್ತದೆ. ಇದಕ್ಕೆ ಪುಸ್ತಕ ಬೇಡ, ಅಪ್ಪೆಮಿಡಿಯ ಜಾಡಿ ಸಾಕು. ಮಿಡಿಗೆ ಉಪ್ಪು ಬೆರೆಸಿಟ್ಟರೆ ನಾಲ್ಕು ದಿನದಲ್ಲಿ ಮಿಡಿ ಸುಕ್ಕುಗಟ್ಟಿ, ನಾವು ಹಾಕದ ನೀರು ಜಾಡಿಯಲ್ಲಿ ತುಂಬಿರುತ್ತದೆ. ಗಿಡದ ಬುಡಕ್ಕೆ ಯೂರಿಯಾ ರಾಶಿ ಸುರಿದರೆ ಹಸಿ ನೆಲದಲ್ಲಿಯೂ ಗಿಡ ಬಾಡುವುದು ಇದೇ ಕಾರಣಕ್ಕೆ. ಈಗ ತಿರುಗಿಸಿ ನೋಡಿ. ಹೊರಗಿನ ನೀರು ಸಪ್ಪೆಯಾದರೆ, ಒಳಗೇ ಹೆಚ್ಚು ಲವಣವಿರುವ ಜೀವಕೋಶಕ್ಕೆ ನೀರು ನುಗ್ಗಿ ಅದು ಊದುತ್ತದೆ. ತೋಳಿನಲ್ಲಿ, ತೊಡೆಯಲ್ಲಿ ಊದಿದರೆ ನಮಗೆ ತಿಳಿಯುವುದೂ ಇಲ್ಲ. ಮಿದುಳು ಮಾತ್ರ ಗಟ್ಟಿ ಬುರುಡೆಯೊಳಗಿದೆ, ಊದಲು ಜಾಗವಿಲ್ಲ. ಅದರಿಂದಲೇ ಮೊದಲು ವಾಕರಿಕೆ, ತಲೆನೋವು, ಜೋಲಿ. ಆಮೇಲೆ ಗುರುತು ತಪ್ಪುವುದು, ತೂಕಡಿಕೆ. ಇನ್ನೂ ಇಳಿದರೆ ಫಿಟ್ಸ್. ನಮ್ಮ ಹಿರಿಯರ ಅರಳುಮರಳು ಅರವತ್ತರದ್ದೂ ಅಲ್ಲ, ಎಪ್ಪತ್ತರದ್ದೂ ಅಲ್ಲ. ಅದು ಮಿದುಳಿಗೆ ಹೊಕ್ಕ ನೀರು.

ಎರಡು ಕಾವಲು

ಮೈಯ ಡ್ರಮ್ಮಿಗೆ ಇಬ್ಬರು ಕಾವಲುಗಾರರಿದ್ದಾರೆ. ಒಬ್ಬ ಹದವನ್ನು ನೋಡುತ್ತಾನೆ, ಇನ್ನೊಬ್ಬ ಮಟ್ಟವನ್ನು. ಇಬ್ಬರೂ ಬೇರೆಬೇರೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಹದದ ಕಾವಲು ಮಿದುಳಿನ ಬುಡದಲ್ಲಿ, ಹೈಪೋಥಲಮಸ್ ಎಂಬ ಕಡೆ ಇದೆ. ನೆತ್ತರಿನ ಹದ ನೂರಕ್ಕೆ ಒಂದೆರಡರಷ್ಟು ಬದಲಾದರೂ ಅದಕ್ಕೆ ಗೊತ್ತಾಗುತ್ತದೆ. ಗಟ್ಟಿಯಾಯಿತೆಂದರೆ ಎರಡು ಅಪ್ಪಣೆ ಹೊರಡುತ್ತವೆ: ಬಾಯಾರಿಕೆ ಎಬ್ಬಿಸುವುದು ಒಂದು, ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ನೆತ್ತರಿಗೆ ಬಿಡುವುದು ಇನ್ನೊಂದು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ನೀರನ್ನು ಸೋಸಿ, ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟನ್ನು ಮರಳಿ ಹೀರಿಕೊಳ್ಳುತ್ತವೆ. ಈ ಹಾರ್ಮೋನು ಬಂದರೆ ಕೊನೆಯ ಪಾಲಿನ ನೀರನ್ನೂ ಹಿಂಡಿ ತೆಗೆದು, ದಿನದ ಮೂತ್ರವನ್ನು ಅರ್ಧ ಲೀಟರಿಗೆ ಇಳಿಸುತ್ತವೆ. ಅದು ಬರದಿದ್ದರೆ ಹತ್ತು ಲೀಟರಿಗೂ ಮಿಕ್ಕಿ ತೆಳ್ಳನೆಯ ಮೂತ್ರವನ್ನು ಹೊರಹಾಕಬಲ್ಲವು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನೀತಿಗಾಗಿ ಹುಟ್ಟಿದ್ದಿರಬಹುದು, ಶರೀರಶಾಸ್ತ್ರದ ಪ್ರಕಾರವೂ ಅದರಲ್ಲಿ ತಪ್ಪಿಲ್ಲ.

ಮಟ್ಟದ ಕಾವಲು ಒಂದೇ ಕಡೆ ಇಲ್ಲ. ಕತ್ತಿನ ದೊಡ್ಡ ರಕ್ತನಾಳಗಳಲ್ಲಿ, ಗುಂಡಿಗೆಯ ಕೋಣೆಗಳಲ್ಲಿ, ಮೂತ್ರಪಿಂಡಕ್ಕೆ ನೆತ್ತರು ಒಳಬರುವ ಬಾಯಲ್ಲಿ ಹಂಚಿಕೊಂಡಿದೆ. ಒತ್ತಡ ಇಳಿದರೆ ಮೂತ್ರಪಿಂಡ ರೆನಿನ್ ಎಂಬುದನ್ನು ಬಿಡುತ್ತದೆ. ಅದರ ಸರಪಳಿಯ ಕೊನೆಯಲ್ಲಿ, ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಳಿತ ಅಡ್ರಿನಲ್ ಗ್ರಂಥಿಯಿಂದ ಆಲ್ಡೊಸ್ಟೆರೋನ್ ಹೊರಟು "ಉಪ್ಪನ್ನು ಬಿಡಬೇಡ" ಎನ್ನುತ್ತದೆ. ಉಪ್ಪು ಉಳಿದರೆ ನೀರೂ ಅದರ ಹಿಂದೆ ಉಳಿಯುತ್ತದೆ. ಮಟ್ಟ ಮೀರಿ ಗುಂಡಿಗೆಯ ಮೇಲಿನ ಕೋಣೆಗಳು ಹಿಗ್ಗಿದರೆ, ಗುಂಡಿಗೆಯೇ "ಉಪ್ಪನ್ನು ಬಿಡು" ಎಂಬ ಬೇರೆ ಹಾರ್ಮೋನನ್ನು ಸುರಿಸುತ್ತದೆ. ಗುಂಡಿಗೆ ಬರಿಯ ಪಂಪಲ್ಲ, ಗ್ರಂಥಿಯೂ ಹೌದೆಂದು ಕೆನಡಾದ ಡಿ ಬೋಲ್ಡ್ ತೋರಿಸಿಕೊಟ್ಟದ್ದು 1981ರಲ್ಲಿ.

ಸಾಮಾನ್ಯ ದಿನಗಳಲ್ಲಿ ಇಬ್ಬರೂ ಹೊಂದಿಕೊಂಡು ನಡೆಯುತ್ತಾರೆ. ಜಗಳ ಬಂದಾಗ ಗೆಲ್ಲುವವನು ಮಟ್ಟದ ಕಾವಲುಗಾರ. ವಾಂತಿಭೇದಿಯಿಂದ ಉಪ್ಪೂ ನೀರೂ ಹೋಗಿ ಮೈ ಬತ್ತಿದೆ, ಮನೆಯವರು ಬರಿಯ ನೀರು ಕುಡಿಸುತ್ತಿದ್ದಾರೆ ಎನ್ನಿ. ಹದದ ಕಾವಲು, ಸಪ್ಪೆಯಾಗುತ್ತಿದೆ, ನೀರು ಬಿಡು ಎನ್ನುತ್ತದೆ. ಮಟ್ಟದ ಕಾವಲು, ಸಪ್ಪೆಯಾದರೂ ಆಗಲಿ, ಒಂದು ಹನಿಯೂ ಹೊರಗೆ ಹೋಗಕೂಡದು ಎಂದು ವ್ಯಾಸೊಪ್ರೆಸಿನ್ನನ್ನು ಬಿಡಿಸಿಯೇ ಬಿಡುತ್ತದೆ. ನೆತ್ತರಿನ ಒತ್ತಡ ಕುಸಿದರೆ ಜೀವ ನಿಮಿಷಗಳಲ್ಲಿ ಹೋಗುತ್ತದೆ, ಹದ ಕೆಟ್ಟರೆ ದಿನಗಳಾದರೂ ಸಿಗುತ್ತವೆ. ಅಂಥ ಲೆಕ್ಕ ಅದು. ಸೋರಿದ ಡ್ರಮ್ಮಿಗೆ ಬರಿಯ ನೀರು ತುಂಬಿಸಿದ ಆಳಿನ ಕತೆಯೇ ಇದು. ಇಂಥವರಿಗೆ ಉಪ್ಪೂ ಬೇಕು, ನೀರೂ ಬೇಕು.

ಮೂರನೆಯ ಬಗೆಯ ಡ್ರಮ್ಮನ್ನು ನೋಡಬೇಕಾದರೆ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಿಗ್ಗೆ ಕುಳಿತರೆ ಸಾಕು. ಕಾಲು ಊದಿದೆ, ಒತ್ತಿದರೆ ಬೆರಳಿನ ಗುಳಿ ಬೀಳುತ್ತದೆ, ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ. ಮೈತುಂಬ ನೀರು. ಆದರೆ ಗುಂಡಿಗೆ ಸೋತು ಮುಂದಕ್ಕೆ ದೂಡುತ್ತಿಲ್ಲವಾದ್ದರಿಂದ ಮೂತ್ರಪಿಂಡದ ಬಾಯಲ್ಲಿ ಒತ್ತಡ ಕಡಿಮೆ. ಅಲ್ಲಿಯ ಕಾವಲುಗಾರ ಡ್ರಮ್ಮು ಬರಿದಾಗಿದೆಯೆಂದೇ ತಿಳಿದು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತಾನೆ. ಉಪ್ಪಿಗಿಂತ ನೀರು ಹೆಚ್ಚು ಉಳಿಯುತ್ತದೆ. ಇವರ ಚೀಟಿಯಲ್ಲೂ ಸೋಡಿಯಂ 120 ಬರಬಹುದು. ಇವರಿಗೆ ಉಪ್ಪುನೀರು ಕುಡಿಸಿದರೆ ಉಸಿರೇ ನಿಂತೀತು. ಉಪ್ಪನ್ನೂ ಕುಡಿಯುವ ನೀರನ್ನೂ ಲೋಟದ ಲೆಕ್ಕದಲ್ಲಿ ಇಳಿಸಿ, ಮೂತ್ರ ಹೋಗುವ ಔಷಧಿ ಕೊಡುತ್ತಾರೆ.

ಒಂದೇ ಸಂಖ್ಯೆ, ಒಬ್ಬರಿಗೆ ಉಪ್ಪೂ ನೀರೂ ಬೇಕು, ಇನ್ನೊಬ್ಬರಿಗೆ ಎರಡೂ ಬೇಡ, ಮತ್ತೊಬ್ಬರಿಗೆ ನೀರು ಮಾತ್ರ ಬೇಡ.

ನಮ್ಮ ಹಿರಿಯರದ್ದು ಬೆರಕೆ. ಹೊಸ ಮಾತ್ರೆ ಥಯಜೈಡ್ ಗುಂಪಿಗೆ ಸೇರಿದ್ದು. ಕ್ಲೋರ್‌ಥಾಲಿಡೋನ್, ಹೈಡ್ರೋಕ್ಲೋರೋಥಯಜೈಡ್ ಎಂದು ಹಾಳೆಯ ಮೇಲೆ ಬರೆದಿರುತ್ತದೆ, ಬೇರೆ ಒತ್ತಡದ ಔಷಧಿಯೊಂದಿಗೆ ಒಂದೇ ಮಾತ್ರೆಯಲ್ಲಿ ಸೇರಿರುವುದೂ ಉಂಟು. ಇದು ಮೂತ್ರದಲ್ಲಿ ಉಪ್ಪನ್ನು ಕಳೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ತೆಳ್ಳನೆಯ ಮೂತ್ರ ತಯಾರಾಗುವ ಜಾಗದಲ್ಲೇ ಅಡ್ಡ ಹಾಕುತ್ತದೆ. ಹೆಚ್ಚಾದ ನೀರು ಹೊರಗೆ ಹೋಗುವ ಬಸಿಗಾಲುವೆಯನ್ನು ಅರ್ಧ ಮುಚ್ಚಿದಂತೆ. ಅದರ ಮೇಲೆ ದಿನಕ್ಕೆ ನಾಲ್ಕು ಲೀಟರ್. ಊರಿನಲ್ಲಾದರೆ ತೋಟ ಸುತ್ತಿ ಒಂದಿಷ್ಟು ಬೆವರಿನಲ್ಲಿ ಹೋಗುತ್ತಿತ್ತು. ಜಯನಗರದಲ್ಲಿ ಟೀವಿಯ ಮುಂದೆ ಫ್ಯಾನಿನ ಕೆಳಗೆ ಕುಳಿತವರಿಗೆ ಬೆವರೆಲ್ಲಿ? ಊಟವೂ ತೆಳ್ಳಗೆ: ಗಂಜಿ, ಕಾಫಿ, ಎರಡು ಬಿಸ್ಕತ್ತು. ಮೂತ್ರಪಿಂಡ ಬರಿಯ ನೀರನ್ನು ಹೊರಹಾಕಲಾರದು. ಉಪ್ಪು, ಬೇಳೆಕಾಳು ಜೀರ್ಣವಾಗಿ ಉಳಿದ ಯೂರಿಯಾ ಮುಂತಾದ ಸರಕು ಸ್ವಲ್ಪವಾದರೂ ಇದ್ದರೆ ಅದರೊಂದಿಗೆ ನೀರು ಹೊರಡುತ್ತದೆ. ಸರಿಯಾಗಿ ಉಣ್ಣದವನ ಮೂತ್ರಪಿಂಡಕ್ಕೆ ನಾಲ್ಕು ಲೀಟರ್ ಹೊರಹಾಕಲು ಸರಕೇ ಸಾಲದು. ಗಟ್ಟಿಮುಟ್ಟಾದ ಯುವಕ ಅಷ್ಟೇ ನೀರು ಕುಡಿದಿದ್ದರೆ ನಾಲ್ಕು ಸಲ ಹೆಚ್ಚಿಗೆ ಎದ್ದು ಹೋಗಿ ಬರುತ್ತಿದ್ದ, ಅಷ್ಟೇ.

ಇದನ್ನೋದಿ ಯಾರೂ ಒತ್ತಡದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಥಯಜೈಡ್ ಅಗ್ಗದ, ಒಳ್ಳೆಯ ಮಾತ್ರೆ. ಲಕ್ವ ಹೊಡೆಯುವುದನ್ನು ಎಷ್ಟೋ ಮಂದಿಯಲ್ಲಿ ತಪ್ಪಿಸಿದೆ. ಆದರೆ ಅದನ್ನು ಹೊಸದಾಗಿ ಹಿಡಿದಾಗ ಅಥವಾ ಪ್ರಮಾಣ ಏರಿಸಿದಾಗ, ಅರವತ್ತೈದು ದಾಟಿದವರು, ಅದರಲ್ಲೂ ಸಣಕಲು ಮೈಯ ಹೆಂಗಸರು, ಎರಡು ಮೂರು ವಾರದೊಳಗೆ ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕು. ಖಿನ್ನತೆಗೆ, ಫಿಟ್ಸಿಗೆ ಕೊಡುವ ಕೆಲವು ಔಷಧಿಗಳೂ ಸೋಡಿಯಂ ಇಳಿಸುತ್ತವೆ. ಮಗನ ಮನೆಗೆ ಹೊರಡುವಾಗ ನುಂಗುವ ಎಲ್ಲ ಮಾತ್ರೆಯ ಹಾಳೆಗಳನ್ನೂ ಚೀಲದಲ್ಲಿಟ್ಟುಕೊಳ್ಳಿ. ನಮ್ಮವರ ಮಾತ್ರೆ ಯಾವುದೆಂದು ತಿಳಿಯಲು ಕೊಪ್ಪಕ್ಕೆ ಫೋನು ಮಾಡಿ, ಆಳಿನಿಂದ ಕಪಾಟು ತೆಗೆಸಿ ಓದಿಸಬೇಕಾಯಿತು. ಅವನು ಓದಿದ್ದು ತಲೆನೋವಿನ ಮಾತ್ರೆಯ ಹೆಸರು!

ಅವಸರ ಏಕೆ ಕೂಡದು

ಆರು ಗಂಟೆಗೊಮ್ಮೆ ರಕ್ತ ತೆಗೆದದ್ದಕ್ಕೆ ಈಗ ಬರೋಣ. ಸೋಡಿಯಂ ಮೆಲ್ಲಗೆ, ದಿನಗಟ್ಟಲೆ ಇಳಿದಾಗ ಮಿದುಳಿನ ಜೀವಕೋಶಗಳು ಸುಮ್ಮನೆ ಊದಿಕೊಂಡಿರುವುದಿಲ್ಲ. ತಮ್ಮೊಳಗಿನ ಪೊಟ್ಯಾಸಿಯಮ್ಮನ್ನೂ ಬೇರೆ ಕೆಲವು ಸಣ್ಣ ದ್ರವ್ಯಗಳನ್ನೂ ಹೊರಗೆ ಚೆಲ್ಲಿ ಹೇಗೋ ಗಾತ್ರ ಇಳಿಸಿಕೊಳ್ಳುತ್ತವೆ. ಎರಡು ದಿನದಲ್ಲಿ ಸಪ್ಪೆ ನೀರಿಗೆ ಹೊಂದಿಕೊಳ್ಳುತ್ತವೆ. ಆಗ ಹೊರಗಿನ ಉಪ್ಪನ್ನು ಒಮ್ಮೆಲೇ ಏರಿಸಿದರೆ ಅಪ್ಪೆಮಿಡಿಯ ಕತೆಯಾಗುತ್ತದೆ. ಕೋಶದೊಳಗಿನ ನೀರು ಹೊರಬಿದ್ದು ಅದು ಸುಕ್ಕುತ್ತದೆ. ಚೆಲ್ಲಿದ ದ್ರವ್ಯಗಳನ್ನು ಮತ್ತೆ ಕೂಡಿಸಿಕೊಳ್ಳಲು ಅದಕ್ಕೆ ದಿನಗಳು ಬೇಕು. ಮಿದುಳಿನ ಕಾಂಡದಲ್ಲಿ ನರಗಳಿಗೆ ಹೊದಿಸಿದ ಪೊರೆ ಕಳಚಿಬೀಳುತ್ತದೆ. ರೋಗಿ ಮೊದಲು ಚೇತರಿಸಿಕೊಂಡಂತೆ ಕಂಡು, ಕೆಲವು ದಿನ ಕಳೆದು ಮಾತು ತೊದಲಿ, ನುಂಗಲಾಗದೆ, ಕೈಕಾಲು ಸ್ವಾಧೀನ ತಪ್ಪಿ ಮಲಗುತ್ತಾನೆ. ಅಮೆರಿಕದ ಆಡಮ್ಸ್, ವಿಕ್ಟರ್ ಮೊದಲಾದವರು ಈ ರೋಗವನ್ನು 1959ರಲ್ಲಿ ವರ್ಣಿಸಿದರು. ಸೋಡಿಯಮ್ಮನ್ನು ಅವಸರದಿಂದ ಏರಿಸುವುದೇ ಅದಕ್ಕೆ ದೊಡ್ಡ ಕಾರಣವೆಂದು ಖಚಿತವಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಆದ್ದರಿಂದ 24 ಗಂಟೆಯಲ್ಲಿ ಸಾಮಾನ್ಯವಾಗಿ 8ರಿಂದ 10ಕ್ಕಿಂತ ಹೆಚ್ಚು ಏರಿಸಬಾರದೆಂಬ ಕಟ್ಟುಪಾಡು. ಫಿಟ್ಸ್ ಬಂದವರಿಗೆ, ಪ್ರಜ್ಞೆ ತಪ್ಪಿದವರಿಗೆ ಮಾತ್ರ ಗಟ್ಟಿ ಸಲೈನ್ ಕೊಟ್ಟು ಮೊದಲ ನಾಲ್ಕಾರು ಅಂಕಗಳನ್ನು ಬೇಗ ಏರಿಸಿ, ಆಮೇಲೆ ತಡೆಯುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಥಯಜೈಡ್ ನಿಲ್ಲಿಸಿದ ಮೇಲೆ ಮುಚ್ಚಿದ್ದ ಬಸಿಗಾಲುವೆ ಒಮ್ಮೆಲೇ ತೆರೆದುಕೊಂಡು ಲೀಟರುಗಟ್ಟಲೆ ತೆಳ್ಳನೆಯ ಮೂತ್ರ ಹೋಗಬಹುದು. ಆಗ ಯಾರೂ ಉಪ್ಪು ಕೊಡದಿದ್ದರೂ ಸಂಖ್ಯೆ ತಾನೇ ಜಿಗಿಯುತ್ತದೆ. ಅದನ್ನು ಹಿಡಿಯಲೆಂದೇ ಆ ಆರು ಗಂಟೆಯ ಪರೀಕ್ಷೆ. ಮಗಳು ಕದಡಿ ತಂದ ಆ ಲೋಟದ ಉಪ್ಪುನೀರಿಗೆ ನರ್ಸ್ ಏಕೆ ಅಡ್ಡಬಂದರೆಂದು ನಮಗೆ ಆಗ ತಿಳಿಯಿತು.

ತೋಟದ ಬಿಸಿಲಿನಲ್ಲಿ

ಹಾಗಾದರೆ ನೀರು ಕುಡಿಯುವುದೇ ತಪ್ಪೇ ಎಂದು ಕೇಳುವಿರಿ. ತೋಟದಲ್ಲಿ ಕಷ್ಟ ಹೆಚ್ಚಾಗಿ ಎದುರು ದಿಕ್ಕಿನದು. ಬಿಸಿಲಿನಲ್ಲಿ ಅಗತೆ ಮಾಡುವವರು, ಮರ ಹತ್ತುವವರು ಗಂಟೆಗೆ ಒಂದು ಲೀಟರಿನವರೆಗೂ ಬೆವರು ಸುರಿಸಬಹುದು. ಲೀಟರ್ ಬೆವರಿನಲ್ಲಿ ಒಂದರಿಂದ ಮೂರು ಗ್ರಾಂ, ಕೆಲವರಲ್ಲಿ ಅದಕ್ಕೂ ಹೆಚ್ಚು ಉಪ್ಪು ಹೋಗುತ್ತದೆ. ಅಂಗಿಯ ಬೆನ್ನಿನ ಮೇಲೆ ಒಣಗಿದ ಬಿಳಿ ಗೆರೆ ಅದೇ. ನೆತ್ತರಿಗಿಂತ ಬೆವರು ಸಪ್ಪೆಯಾದ್ದರಿಂದ ಮೊದಲು ಬೇಕಾದದ್ದು ನೀರೇ. ಆದರೆ ಇಡೀ ದಿನ ಬರಿಯ ನೀರನ್ನೇ ಕುಡಿದರೆ ಸಂಜೆಗೆ ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ. ಹತ್ತು ಗಂಟೆಗೆ ಉಪ್ಪು ಹಾಕಿದ ಗಂಜಿ, ಮಧ್ಯಾಹ್ನ ನೀರುಮಜ್ಜಿಗೆ ಕೊಡುವ ನಮ್ಮ ಹಳೆಯ ಪದ್ಧತಿಯನ್ನು ಯಾವ ಬಾಟಲಿಯ ಪಾನೀಯಕ್ಕೂ ಬಿಟ್ಟುಕೊಡಬೇಕಾಗಿಲ್ಲ.

ವಾಂತಿಭೇದಿಗೆ ಮಾತ್ರ ಒ.ಆರ್.ಎಸ್. ಬೇಕು. ಅದರಲ್ಲಿ ಸಕ್ಕರೆ ರುಚಿಗಾಗಿ ಇರುವುದಲ್ಲ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಹೋಗುವ ಬಾಗಿಲೊಂದಿದೆ. ಭೇದಿಯಲ್ಲಿ ಬೇರೆ ಬಾಗಿಲುಗಳು ಕೆಟ್ಟರೂ ಅದು ಕೆಡುವುದಿಲ್ಲ. ಜೋಡಿ ಒಳಹೋದರೆ ನೀರು ಹಿಂಬಾಲಿಸುತ್ತದೆ. ಇದನ್ನು ಮೊದಲು ಹೇಳಿದವರು ರಾಬರ್ಟ್ ಕ್ರೇನ್, 1960ರಲ್ಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಮುಗಿದುಹೋದಾಗ, ಕಲ್ಕತ್ತೆಯ ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ಡ್ರಮ್ಮಿನಲ್ಲಿ ಕಲಸಿ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕೂ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರು ವರ್ಷ ಪದ್ಮವಿಭೂಷಣ ಬಂತು.

ಈಗಿನ ಒ.ಆರ್.ಎಸ್. ಪೊಟ್ಟಣದಲ್ಲಿ ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಪೊಟ್ಟಣ ಒಂದು ಲೀಟರಿನದೋ 200 ಮಿಲಿಲೀಟರಿನದೋ ನೋಡಿ, ಅಷ್ಟೇ ನೀರಿಗೆ ಪೂರ್ತಿ ಸುರಿಯಬೇಕು. ಇದೂ ಬೋರ್ಡೋದಷ್ಟೇ ಕಟ್ಟುನಿಟ್ಟು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದೇ ಹೆಸರು ಹಾಕಿಕೊಂಡು ಬರಿಯ ಸಿಹಿನೀರು ಮಾರುವ ಪೆಟ್ಟಿಗೆಗಳು ಬಹುಕಾಲ ಅಂಗಡಿಗಳಲ್ಲಿದ್ದವು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿತು.

ಉಪ್ಪು ಬಿಟ್ಟದ್ದೇ ತಪ್ಪಾಯಿತೆಂದು ಉಪ್ಪಿನಕಾಯಿ ಭರಣಿಯನ್ನು ಹತ್ತಿರ ಎಳೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂ, ಎಂದರೆ ಒಂದು ಟೀ ಚಮಚಕ್ಕೂ ಕಡಿಮೆ ಉಪ್ಪು ಸಾಕು. ನಮ್ಮ ದೇಶದಲ್ಲಿ ತಿನ್ನುವುದು ಅದರ ಎರಡರಷ್ಟಕ್ಕೆ ಹತ್ತಿರ. ಹೆಚ್ಚಾದ ಉಪ್ಪು ವರ್ಷಗಟ್ಟಲೆ ಮಟ್ಟವನ್ನು ಏರಿಸಿಟ್ಟು ಒತ್ತಡ ಹೆಚ್ಚಿಸುತ್ತದೆಂಬುದರಲ್ಲಿ ಸಂಶಯವಿಲ್ಲ. ಕಡಿಮೆ ಮಾಡುವುದು ಬೇರೆ, ಪೂರ್ತಿ ಬಿಡುವುದು ಬೇರೆ. ಜೆ.ಪಿ. ನಗರದ ಅಂಗಡಿಗಳಲ್ಲಿ ಸಿಗುವ "ಸೋಡಿಯಂ ಕಡಿಮೆಯಿರುವ ಉಪ್ಪಿ"ನಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಆರೋಗ್ಯವಂತರಿಗೆ ಅದು ಒಳ್ಳೆಯದೇ. ಮೂತ್ರಪಿಂಡ ಕೆಟ್ಟವರು, ಕೆಲವು ಬಗೆಯ ಒತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಅವರ ಮೈಯಲ್ಲಿ ಪೊಟ್ಯಾಸಿಯಂ ಏರಿ ಗುಂಡಿಗೆಯ ತಾಳ ತಪ್ಪೀತು.

ನೀರು ದಿನಕ್ಕೆಷ್ಟು ಎಂಬುದಕ್ಕೆ ಎಲ್ಲರಿಗೂ ಒಂದೇ ಅಳತೆಯಿಲ್ಲ. ಮೂತ್ರದಲ್ಲಿ ಕಲ್ಲಾಗುವವರಿಗೆ ಹೆಚ್ಚು ಕುಡಿಯಲು ವೈದ್ಯರೇ ಹೇಳುತ್ತಾರೆ, ಗುಂಡಿಗೆ ಸೋತವರಿಗೆ ಕಡಿಮೆ. ಉಳಿದವರಿಗೆ ಬಾಯಾರಿಕೆಯೂ ಮೂತ್ರದ ಬಣ್ಣವೂ ದಾರಿ ತೋರಿಸುತ್ತವೆ. ಮುಪ್ಪಿನಲ್ಲಿ ಬಾಯಾರಿಕೆ ಮಂದವಾಗುವುದರಿಂದ ಹಿರಿಯರು ಊಟತಿಂಡಿಯ ಹೊತ್ತಿಗೆ ನೆನಪಿಟ್ಟು ಒಂದು ಲೋಟ ಕುಡಿಯಬೇಕು; ಬಾಟಲಿ ಅಳೆದು ನಾಲ್ಕು ಲೀಟರ್ ಬೇಡ. ಅಂದಹಾಗೆ, ಕಾಫಿ ಮೈಯ ನೀರನ್ನು ಒಣಗಿಸುತ್ತದೆಂದು ಯಾರಾದರೂ ಅಂದರೆ ನಂಬಬೇಡಿ. ದಿನವೂ ಕುಡಿದು ರೂಢಿಯಿರುವವರಿಗೆ ಎರಡು ಮೂರು ಲೋಟ ಕಾಫಿಯ ನೀರು ನೀರಿನ ಲೆಕ್ಕಕ್ಕೇ ಸೇರುತ್ತದೆ. ನಾವು ಬೆಳೆಗಾರರೆಂದು ಹೇಳುತ್ತಿರುವ ಮಾತಲ್ಲ ಇದು.

ನಮ್ಮ ಹಿರಿಯರ ಸೋಡಿಯಂ ಮೊದಲ ದಿನದ ಕೊನೆಗೆ 125, ಎರಡನೆಯ ದಿನ 131. ಆ ಸಂಜೆ ಮಗಳನ್ನು ಅವಳ ಹೆಸರಿನಿಂದಲೇ ಕರೆದು, ಇಲ್ಲಿಗೇಕೆ ಕರೆತಂದಿರೆಂದು ರೇಗಿದರು. ನಾಲ್ಕನೆಯ ದಿನ ಬೇರೆ ಗುಂಪಿನ ಒತ್ತಡದ ಮಾತ್ರೆ ಬರೆಸಿಕೊಂಡು ಮನೆಗೆ ಬಂದರು. ಹೊರಡುವಾಗ ನಾವು ಮಾತನಾಡಿಸಲು ಹೋದರೆ, ಈ ವರ್ಷ ಸಂಘದಲ್ಲಿ ಮೈಲುತುತ್ತಕ್ಕೆ ಕಿಲೋಗೆ ಎಷ್ಟು ಹಿಡಿದಿದ್ದೀರಿ ಎಂದು ಕೇಳಿದರು.